ಪದ ಬೇಕಿದೆ (ತುರ್ತು): ಯುದ್ಧನೌಕೆಯ ಕಮಿಷನಿಂಗ್‌ಗೆ ಕನ್ನಡದಲ್ಲಿ ಏನು?

ಮಲ್ಪೆಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬ್ಯಾನರ್ ಪ್ರಿಂಟಿಗೆ ಕೊಡಬೇಕು. ಅದಕ್ಕೇ ಅವಸರದಲ್ಲಿ ಕೇಳುತ್ತಿದ್ದೇನೆ.

ನಮ್ಮ ಶಾಲೆಯಲ್ಲಿ ಹಡಗುಗಳ ಪ್ರದರ್ಶನ ಇದೆ. ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವ ಹಡಗುಗಳನ್ನು ಕೊಚ್ಚಿ ಶಿಪ್‌ಯಾರ್ಡ್ ನೌಕಾಪಡೆಗಾಗಿ ಕಟ್ಟುತ್ತಿದೆಯಲ್ಲ, ಅದರಲ್ಲಿ ಒಂದರ ಹೆಸರು ಮಲ್ಪೆ, ಇನ್ನೊಂದರದು ಮೂಲ್ಕಿ. ಎರಡೂ 2024ರ ಸೆಪ್ಟೆಂಬರ್ 9ರಂದು ಒಟ್ಟಿಗೇ ನೀರಿಗಿಳಿದವು. ಹಿಂದೆ ಇದೇ ಹೆಸರಿನ ಚಿಕ್ಕ ಹಡಗುಗಳು ಕಡಲಿನ ಮೈನ್ (ನೀರೊಳಗಿನ ಸ್ಫೋಟಕ) ತೆಗೆಯುವ ಕೆಲಸ ಮಾಡುತ್ತಿದ್ದವು. ಊರಿನ ಹೆಸರಿನ ಯುದ್ಧನೌಕೆ ಅಂದರೆ ಮಕ್ಕಳಿಗೆ ಖುಷಿ ಅಲ್ವಾ, ಅದಕ್ಕೇ ಈ ವಿಷಯ ತೆಗೆದುಕೊಂಡೆವು.

ಬ್ಯಾನರಿನಲ್ಲಿ ನಾಲ್ಕು ಹಂತ ತೋರಿಸಬೇಕು: ಕೀಲ್ (ಹಡಗಿನ ತಳದ ಬೆನ್ನೆಲುಬು) ಇಡುವುದು, ಲಾಂಚ್ (ಮೊದಲ ಸಲ ನೀರಿಗೆ ಬಿಡುವುದು), ಕಮಿಷನಿಂಗ್ (ನೌಕಾಪಡೆಯ ಸೇವೆಗೆ ತೆಗೆದುಕೊಳ್ಳುವುದು), ಡಿಕಮಿಷನಿಂಗ್ (ಸೇವೆಯಿಂದ ಬಿಡಿಸುವುದು). ತೊಂದರೆ ಮೂರನೆಯದರದ್ದು. ಪತ್ರಿಕೆಗಳು ಒಮ್ಮೆ ‘ಲೋಕಾರ್ಪಣೆ’ ಅನ್ನುತ್ತವೆ, ಒಮ್ಮೆ ‘ಸೇರ್ಪಡೆ’ ಅನ್ನುತ್ತವೆ. ಲಾಂಚ್‌ಗೂ ‘ಲೋಕಾರ್ಪಣೆ’ ಅಂತ ಬರೆದದ್ದು ನೋಡಿದ್ದೇನೆ. ದೂರದಿಂದ ಓದುವ ಹಾಗಿರಬೇಕು, ಹಾಗಾಗಿ ಪದ ಚಿಕ್ಕದಾದಷ್ಟೂ ಒಳ್ಳೆಯದು. ಐದನೇ ಕ್ಲಾಸಿನ ಮಗುವಿಗೂ ತಿಳಿಯಬೇಕು.

ಬೆಂಗಳೂರಿನಿಂದ:

ಟೀಚರ್, ‘ಕಮಿಷನ್’ ಅಂತ ಹಾಗೇ ಹಾಕಬೇಡಿ. ಕನ್ನಡದಲ್ಲಿ ಕಮಿಷನ್ ಅಂದರೆ ದಲ್ಲಾಳಿಗೆ ಕೊಡೋ ದುಡ್ಡು. ಇಲ್ಲವೇ ಆಯೋಗ. ‘ಕಾರ್ಯಾರಂಭ’ ಅಂತಲೂ ಕೆಲವರು ಬರೆಯುತ್ತಾರೆ. ಅದು ವಿದ್ಯುತ್ ಸ್ಥಾವರಕ್ಕೆ ಸರಿ, ಹಡಗಿಗೆ ಒಣಕಲು. ನನ್ನ ಓಟು ‘ಸೇರ್ಪಡೆ’ಗೆ.

ಧಾರವಾಡದಿಂದ:

ಲೋಕಾರ್ಪಣೆ, ಜಲಾವತರಣ ಇವೆಲ್ಲ ಹಿಂದಿ ಪ್ರಕಟಣೆಯಿಂದ ಎತ್ತಿಕೊಂಡದ್ದು. ಬೇಡ.

ಪಡೆ + ಕೂಡು = ಪಡೆಗೂಡು. ನಾಮರೂಪ ಪಡೆಗೂಡಿಕೆ. ಲಾಂಚ್‌ಗೆ ನೀರಿಳಿಕೆ. ಡಿಕಮಿಷನಿಂಗ್‌ಗೆ ಪಡೆಬಿಡಿಕೆ. ಕೀಲ್‌ಗೆ ಅಡಿಮರ. ಮುಗಿಯಿತು.

ಇನ್ನೊಂದು ಮಾತು. ‘ನೌಕಾಪಡೆ’ಯೇ ಅರಿಸಮಾಸ. ನೌಕಾ ಸಂಸ್ಕೃತ, ಪಡೆ ನಮ್ಮದು. ಬ್ಯಾನರಿನಲ್ಲಿ ಕಡಲಪಡೆ ಅಂತ ಹಾಕಿ. ಹಡಗು, ಕಡಲು, ಪಡೆ ಮೂರೂ ಅಚ್ಚಕನ್ನಡ. ಹಳಗನ್ನಡದ ‘ಪಡಗು’ವೇ ಹಡಗು. ತಮಿಳಿನ ಪಡಗು, ತೆಲುಗಿನ ಪಡವ ಇದರ ನೆಂಟರು. ಇಷ್ಟೆಲ್ಲ ಇದ್ದೂ ಎರವಲು ತರುವುದು ಯಾಕೆ?

ಕಾರವಾರದಿಂದ:

ನಾನು ನೌಕಾಪಡೆಯ ಸಿಗ್ನಲ್ ವಿಭಾಗದಲ್ಲಿದ್ದವನು. ನಿಶಾನೆ ಏರಿಸುವುದು, ಇಳಿಸುವುದು ನಮ್ಮ ಕೆಲಸವಾಗಿತ್ತು. ಮೊದಲು ಅಲ್ಲಿ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳಿ. ಪದ ಆಮೇಲೆ ನೋಡೋಣ.

ಲಾಂಚ್ ಆಗುವಾಗ ಹಡಗು ಇನ್ನೂ ಅರೆಬರೆ. ಮೈ ತಯಾರಾಗಿರುತ್ತದೆ, ತೇಲುತ್ತದೆ, ಒಳಗಿನ ಕೆಲಸ ಎಷ್ಟೋ ಬಾಕಿ ಇರುತ್ತದೆ. ನಮ್ಮಲ್ಲಿ ಅಥರ್ವವೇದದ ಮಂತ್ರ ಹೇಳುತ್ತಾರೆ, ಹಡಗಿನ ಮೂತಿಗೆ ತೆಂಗಿನಕಾಯಿ ಒಡೆಯುತ್ತಾರೆ. ಈ ಕೆಲಸ ಮಾಡುವುದು ಒಬ್ಬ ಮಹಿಳೆ. ಈಗಿನ ವಿಕ್ರಾಂತ್ ಹಡಗನ್ನು 2013ರ ಆಗಸ್ಟ್ 12ರಂದು ಕೊಚ್ಚಿಯಲ್ಲಿ ಲಾಂಚ್ ಮಾಡಿದವರು ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಅವರ ಪತ್ನಿ ಎಲಿಜಬೆತ್ ಆಂಟನಿ. ಅದು ಕಮಿಷನ್ ಆದದ್ದು 2022ರ ಸೆಪ್ಟೆಂಬರ್ 2ಕ್ಕೆ. ನಡುವೆ ಒಂಬತ್ತು ವರ್ಷ! ಅಷ್ಟೂ ಕಾಲ ಯಂತ್ರ ಜೋಡಣೆ, ಕೇಬಲ್ ಎಳೆಯುವುದು, ಆಮೇಲೆ ಕಡಲಿನಲ್ಲಿ ಓಡಿಸಿ ಪರೀಕ್ಷೆ. ಆ ದಿನಗಳಲ್ಲಿ ಹಡಗು ಕಟ್ಟಿದವರದ್ದು, ನೌಕಾಪಡೆಯದ್ದಲ್ಲ. ಕಾಗದಪತ್ರದಲ್ಲಿ ಅದಕ್ಕೊಂದು ನಂಬರ್ ಇರುತ್ತದೆ. ವಿಶಾಖಪಟ್ಟಣಂ ಅನ್ನುವ ಡೆಸ್ಟ್ರಾಯರ್ ಮುಂಬೈಯ ಮಜಗಾಂವ್ ಡಾಕ್‌ನವರಿಗೆ ‘ಯಾರ್ಡ್ 12704’ ಆಗಿತ್ತು. ಅದು ನೀರಿಗಿಳಿದದ್ದು 2015ರ ಏಪ್ರಿಲ್‌ನಲ್ಲಿ, ಕಮಿಷನ್ ಆದದ್ದು 2021ರ ನವೆಂಬರ್ 21ರಂದು.

ಕಮಿಷನಿಂಗ್ ದಿನ ಸಿಬ್ಬಂದಿ ಬಿಳಿ ಸಮವಸ್ತ್ರದಲ್ಲಿ ಸಾಲಾಗಿ ನಿಲ್ಲುತ್ತಾರೆ. ಗೌರವ ರಕ್ಷೆ ಆಗುತ್ತದೆ, ಭಾಷಣಗಳಾಗುತ್ತವೆ. ಹಡಗಿನ ಕ್ಯಾಪ್ಟನ್ ಮುಂದೆ ಬಂದು ಕಮಿಷನಿಂಗ್ ವಾರಂಟ್ ಓದುತ್ತಾರೆ. ಇಡೀ ಸಮಾರಂಭದ ಜೀವಾಳ ಇದೇ. ಈ ಹಡಗನ್ನು ಇಂಥವರ ಕೈಗೆ ಒಪ್ಪಿಸಿದೆ ಅನ್ನುವ ಆಜ್ಞೆ ಅದು. ಆಮೇಲೆ ರಾಷ್ಟ್ರಗೀತೆ ನುಡಿಯುವಾಗ ಹಡಗಿನ ಹಿಂಬದಿಯಲ್ಲಿ ನೌಕಾಪಡೆಯ ನಿಶಾನೆ ಮೊದಲ ಸಲ ಏರುತ್ತದೆ. ಕೂವೆಕಂಬದ ತುದಿಯಲ್ಲಿ ಉದ್ದನೆಯ, ಸಪೂರ ಪತಾಕೆ ಬಿಚ್ಚಿಕೊಳ್ಳುತ್ತದೆ. ಅದೇ ಕಮಿಷನಿಂಗ್ ಪೆನಂಟ್. ಅಲ್ಲಿಂದ ಮುಂದೆ ಹೆಸರಿಗಿಂತ ಮೊದಲು ‘ಐಎನ್‌ಎಸ್’ (ಇಂಡಿಯನ್ ನೇವಲ್ ಶಿಪ್) ಅಂತ ಬರುತ್ತದೆ. ಬಂದರಿನಲ್ಲಿದ್ದಾಗ ಹಿಂಬದಿಯ ನಿಶಾನೆಯನ್ನು ಸಂಜೆ ಸೂರ್ಯ ಮುಳುಗುವಾಗ ಇಳಿಸುತ್ತೇವೆ. ತುದಿಯ ಪತಾಕೆಯನ್ನು ಇಳಿಸುವುದಿಲ್ಲ. ಹಗಲು, ರಾತ್ರಿ, ಮಳೆಗಾಲ ಎಲ್ಲದಕ್ಕೂ ಅದು ಅಲ್ಲೇ. ಹಡಗಿನ ಸೇವೆ ಮುಗಿಯುವ ದಿನ ಸೂರ್ಯಾಸ್ತಕ್ಕೆ ಎರಡನ್ನೂ ಕೊನೆಯ ಸಲ ಇಳಿಸುತ್ತಾರೆ. ಹಳೆಯ ವಿಕ್ರಾಂತ್ 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ವಿಜಯಲಕ್ಷ್ಮಿ ಪಂಡಿತ್ ಅವರ ಸಮ್ಮುಖದಲ್ಲಿ ಸೇವೆಗೆ ಬಂತು. ನಿವೃತ್ತಿ ಆದದ್ದು 1997ರ ಜನವರಿ 31ಕ್ಕೆ.

ಈಗ ಹೇಳಿ, ಇದು ಲೋಕಾರ್ಪಣೆ ಹೇಗಾಗುತ್ತದೆ? ಸೇತುವೆ, ಕೆರೆ, ಪುಸ್ತಕ ಇವನ್ನು ಲೋಕಕ್ಕೆ ಅರ್ಪಿಸಬಹುದು. ನಾಳೆಯಿಂದ ಜನ ಬಳಸುತ್ತಾರೆ. ಯುದ್ಧನೌಕೆಯನ್ನು ಜನ ಬಳಸುವುದಿಲ್ಲ. ಅದನ್ನು ಒಪ್ಪಿಸುವುದು ಒಬ್ಬ ಕ್ಯಾಪ್ಟನ್ನಿಗೆ, ಅವರ ಸಿಬ್ಬಂದಿಗೆ.

ನಮ್ಮೂರಿನ ಇನ್ನೊಂದು ಉದಾಹರಣೆ. ಬನವಾಸಿಯ ಕದಂಬರ ಹೆಸರು ಹೊತ್ತ ಐಎನ್‌ಎಸ್ ಕದಂಬ 2005ರ ಮೇ 31ರಂದು ಕಮಿಷನ್ ಆಯಿತು. ಅದು ಹಡಗೇ ಅಲ್ಲ, ದಡದ ಮೇಲಿನ ನೆಲೆ. ಕೀಲ್ ಇಲ್ಲ, ಲಾಂಚ್ ಇಲ್ಲ. ಕಮಿಷನಿಂಗ್ ಮಾತ್ರ ಇದೆ. ನೀವು ಹುಡುಕುವ ಪದ ಕದಂಬಕ್ಕೂ ಹೊಂದಬೇಕು.

‘ಪಡೆಗೂಡಿಕೆ’ ಕೇಳಿದರೆ ನನಗೆ ಸೈನಿಕರೆಲ್ಲ ಒಂದೆಡೆ ಸೇರುವ ಹಾಗೆ ಕಾಣುತ್ತದೆ. ಅದು ಬೇರೆಯೇ ಅರ್ಥ. ಉಕ್ಕಿನ ಹಡಗಿಗೆ ‘ಅಡಿಮರ’ವೂ ಸರಿಯಲ್ಲ.

ಶಿವಮೊಗ್ಗದಿಂದ:

‘ಸೇರ್ಪಡೆ’ಯೇ ಎಷ್ಟು ಚೆನ್ನಾಗಿದೆ ನೋಡಿ! ಸೇರು + ಪಡೆ. ಪಡೆಯನ್ನು ಸೇರುವುದು ಅನ್ನುವ ಅರ್ಥ ಅದರೊಳಗೇ ಕೂತಿದೆ.

ಧಾರವಾಡದಿಂದ:

ಇಲ್ಲ. ಅದು ‘ಪಡು’ ಧಾತು. ಬೇರ್ಪಡು, ಬೇರ್ಪಡೆ. ಬೇರ್ಪಡೆಯಲ್ಲಿ ಯಾವ ಸೈನ್ಯ ಇದೆ? ದನಿ ಒಂದೇ ಇದೆ ಅಂತ ಮೂಲ ಒಂದೇ ಆಗದು.

ಮೈಸೂರಿನಿಂದ:

ಕಾರವಾರದವರ ಪತ್ರ ಓದಿ ಸಂತೋಷವಾಯಿತು. ಅವರು ಹೇಳಿದ ಪತಾಕೆಯ ವಿಷಯ ನನ್ನನ್ನು ‘ಪಟ್ಟ’ದ ಕಡೆಗೆ ಎಳೆಯಿತು.

ಪಟ್ಟ ಅಂದರೆ ಮೊದಲು ಸಿಂಹಾಸನ ಅಲ್ಲ. ಹಣೆಗೆ ಕಟ್ಟುವ ಪಟ್ಟಿ. ಬಟ್ಟೆಯದೋ ಚಿನ್ನದ್ದೋ ಒಂದು ಸಪೂರ ಪಟ್ಟಿ. ಅದನ್ನು ಕಟ್ಟಿದ ಗಳಿಗೆಯಿಂದ ಅಧಿಕಾರ ಬರುತ್ತಿತ್ತು. ಅದಕ್ಕೇ ನಾವು ಇವತ್ತಿಗೂ ಪಟ್ಟ ‘ಕಟ್ಟು’ತ್ತೇವೆ. ಹಡಗಿನಲ್ಲೂ ಅದೇ ನಡೆಯುತ್ತದೆ. ನೆತ್ತಿಯ ಮೇಲೆ ಒಂದು ಸಪೂರ ಬಟ್ಟೆಯ ಪಟ್ಟಿ. ಅದು ಏರಿದ ಗಳಿಗೆಯಿಂದ ಹಡಗಿಗೆ ಅಧಿಕಾರ. ಓದಿ ಹೇಳುವ ವಾರಂಟೂ ಅಧಿಕಾರ ಕೊಡುವ ಪತ್ರವೇ. ಇಷ್ಟು ಹೊಂದುವ ಪದ ಕಣ್ಣೆದುರಿಗೇ ಇರುವಾಗ ‘ಸೇರ್ಪಡೆ’ ಅಂತ ಸಪ್ಪೆ ಮಾತು ಯಾಕೆ? ಯೂನಿಯನ್ನಿಗೂ ಸೇರ್ಪಡೆ, ಮತದಾರರ ಪಟ್ಟಿಗೂ ಸೇರ್ಪಡೆ. ‘ಪಟ್ಟಗಟ್ಟುವಿಕೆ’ ಅಥವಾ ಸುಮ್ನೆ ‘ಹಡಗಿನ ಪಟ್ಟ’ ಅನ್ನಿ.

ನಮ್ಮ ಊರಿನ ಹೆಸರಿನ ಐಎನ್‌ಎಸ್ ಮೈಸೂರಿನ ಲಾಂಛನ ಗಂಡಭೇರುಂಡ. ಮೊದಲ ಮೈಸೂರು ಬ್ರಿಟಿಷರ ‘ನೈಜೀರಿಯಾ’ ಅನ್ನುವ ಕ್ರೂಸರ್ ಯುದ್ಧನೌಕೆ, 1957ರಲ್ಲಿ ನಮ್ಮ ಸೇವೆಗೆ ಬಂತು. ಈಗಿನದು 1999ರ ಜೂನ್ 2ರಂದು ಸೇವೆಗೆ ಬಂದದ್ದು. ಒಂದು ಹಡಗು ಹೋದ ಮೇಲೆ ಅದೇ ಹೆಸರು ಇನ್ನೊಂದಕ್ಕೆ. ಇದೂ ಪಟ್ಟದ ಪರಂಪರೆಯೇ ಅಲ್ವಾ?

ಧಾರವಾಡದಿಂದ:

ಪಟ್ಟ ಸಂಸ್ಕೃತ. ಕಟ್ಟು ಕನ್ನಡ. ಮತ್ತೆ ಅರಿಸಮಾಸ.

ಮೈಸೂರಿನಿಂದ:

ಪಟ್ಟಗಟ್ಟು ಕ್ರಿಯಾಸಮಾಸ. ಕ್ರಿಯಾಸಮಾಸಕ್ಕೂ ಗಮಕ ಸಮಾಸಕ್ಕೂ ಅರಿದೋಷ ಹೇಳಿಲ್ಲ. ನಿಯಮ ಹೇಳುವವರು ಪೂರ್ತಿ ಹೇಳಬೇಕು. ‘ದಿನಗೂಲಿ’ಯನ್ನೂ ಬಿಟ್ಟುಬಿಡುತ್ತೀರೇನು?

ವರ್ಜೀನಿಯಾದಿಂದ:

ನಾರ್ಫೋಕ್ ನೌಕಾನೆಲೆಯ ಹತ್ತಿರ ಇದ್ದೇನೆ. ಅಮೆರಿಕದ ಪದ್ಧತಿ ಸ್ವಲ್ಪ ಬೇರೆ. ಹಡಗಿಗೆ ಒಬ್ಬ ಪೋಷಕಿ ಇರುತ್ತಾರೆ. ಹೆಸರಿಡುವಾಗ ಬಾಟಲಿ ಒಡೆಯುವುದು ಅವರೇ. ಕಮಿಷನಿಂಗ್ ದಿನವೂ ಅವರೇ ಎದ್ದು ನಿಂತು, ಹಡಗನ್ನು ಏರಿ ಅದಕ್ಕೆ ಜೀವ ತುಂಬಿ ಅನ್ನುವ ಆಜ್ಞೆ ಕೊಡುತ್ತಾರೆ. ಸಿಬ್ಬಂದಿ ಓಡಿ ಹಡಗು ಹತ್ತುತ್ತಾರೆ, ರೇಡಾರ್ ತಿರುಗುತ್ತದೆ, ಹಾರ್ನ್ ಕೂಗುತ್ತದೆ. ‘ಹಡಗಿಗೆ ಜೀವ’ ಅಂದರೆ ಹೇಗೆ? ಮಕ್ಕಳಿಗೆ ಹಿಡಿಸುತ್ತದೆ.

ಕಾರವಾರದಿಂದ:

ನಮ್ಮ ನೌಕಾಪಡೆಯಲ್ಲಿ ಆ ಆಜ್ಞೆ ಇಲ್ಲ. ಅವರ ಪದ್ಧತಿಯ ಮಾತನ್ನು ನಮ್ಮ ಹಡಗಿಗೆ ಅಂಟಿಸಬಾರದು.

ಧಾರವಾಡದವರೇ, ಎರವಲು ಬೇಡ ಅಂತೀರಿ. ಕಡಲಿನ ಕೆಲಸದ ಪದ ಒಂದೊಂದಾಗಿ ತೆಗೆಯಿರಿ ನೋಡೋಣ. ಬಂದರು ಪಾರಸಿ. ಲಂಗರು ಪಾರಸಿ. ನಿಶಾನೆ ಪಾರಸಿ. ನೀವು ಕನ್ನಡ ಅನ್ನುವ ಬಾವುಟ ಮರಾಠಿಯಲ್ಲಿ ಬಾವಟಾ, ನನ್ನ ಮನೆಮಾತು ಕೊಂಕಣಿಯಲ್ಲಿ ಬಾವ್ಟೊ. ಇವನ್ನೆಲ್ಲ ತೆಗೆದರೆ ನಮ್ಮ ಮೀನುಗಾರರು ಬಾಯಿ ಬಿಡುವ ಹಾಗೇ ಇಲ್ಲ. ಹಡಗಿನಲ್ಲಿ ಕೆಲಸ ಮಾಡಿದ ಕನ್ನಡಿಗರು ಯಾರೂ ‘ಪಡೆಗೂಡಿಕೆ’ ಅಂದದ್ದು ಕೇಳಿಲ್ಲ. ಮನೆಯಲ್ಲೂ ಊರಲ್ಲೂ ‘ಕಮಿಷನಿಂಗ್’ ಅಂತಲೇ ಹೇಳಿದ್ದೇವೆ. ಆ ಪದ ತಂದವರು ನಾವು. ಅದನ್ನು ಕೆಟ್ಟ ಪದ ಅಂತ ಯಾರೂ ಹೇಳಬೇಡಿ.

ಧಾರವಾಡದಿಂದ:

ನೀವು ಹೇಳಿದ್ದು ಬಳಕೆ. ನಾನು ಹೇಳುವುದು ಕಟ್ಟಣೆ. ಬಳಕೆ ಇಲ್ಲ ಅಂತ ಹೊಸ ಪದವನ್ನೇ ಕಟ್ಟದಿದ್ದರೆ ಬಳಕೆ ಎಲ್ಲಿಂದ ಬರಬೇಕು? ತಮಿಳರು ಕಪ್ಪಲ್ ಇಟ್ಟುಕೊಂಡೇ ಕಪ್ಪಲ್‌ಪಡೈ ಕಟ್ಟಿದರು. ನಮಗೆ ಹಡಗುಪಡೆ ಅನ್ನಲು ನಾಚಿಕೆ. ನಾನು ಈ ಮಾತನ್ನು ಹಟಕ್ಕೆ ಹೇಳುತ್ತಿಲ್ಲ. ಇವತ್ತು ಐದನೇ ಕ್ಲಾಸಿನ ಮಗು ಬ್ಯಾನರಿನಲ್ಲಿ ಓದಿದ್ದು ನಾಳೆ ಅದರ ಮಾತಾಗುತ್ತದೆ. ಅದಕ್ಕೇ ಈ ತಕರಾರು.

ಬೆಂಗಳೂರಿನಿಂದ:

‘ಭಾರತೀಯ ನೌಕಾಪಡೆ’ ಒಂದು ಸಂಸ್ಥೆಯ ಹೆಸರು. ಬ್ಯಾನರಿನಲ್ಲಿ ಅದನ್ನು ತಿದ್ದುವ ಹಕ್ಕು ನಮಗೆ ಯಾರಿಗೂ ಇಲ್ಲ. ಟೀಚರಿಗೆ ಬೇಕಾದದ್ದು ಒಂದು ಪದ. ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ಮಲ್ಪೆಯಿಂದ:

ಎಲ್ಲರ ಮಾತನ್ನೂ ಓದಿದೆ. ತುಂಬಾ ಉಪಕಾರವಾಯಿತು.

ಲಾಂಚ್‌ಗೆ ‘ನೀರಿಗಿಳಿಸುವುದು’ ಅಂತ ಹಾಕುತ್ತೇನೆ. ಇಲ್ಲಿ ಹೊಸ ಬೋಟು ಕಟ್ಟಿದಾಗ ನೀರಿಗಿಳಿಸುವುದು ಅಂತಲೇ ಹೇಳುವುದು, ಕಾಯಿ ಒಡೆಯುವುದೂ ಇದೆ. ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ‘ನೀರಿಳಿಕೆ’ ಬೇಡ, ಕಡಲಿನ ಇಳಿತ ಅಂದುಕೊಳ್ಳುತ್ತಾರೆ. ಕೀಲ್‌ಗೆ ‘ಬುಡ ಹಾಕುವುದು’, ಕೆಳಗೆ ಚಿಕ್ಕದಾಗಿ ‘ಕೀಲ್’.

ಕಮಿಷನಿಂಗ್‌ಗೆ ದಪ್ಪ ಅಕ್ಷರದಲ್ಲಿ ‘ಪಡೆಗೆ ಸೇರ್ಪಡೆ’, ಅದರ ಕೆಳಗೆ ‘ಕಮಿಷನಿಂಗ್’. ಬರೀ ಕಮಿಷನ್ ಅಲ್ಲ, ಹಾಗಾಗಿ ದಲ್ಲಾಳಿಯ ಗೊಂದಲ ಬರುವುದಿಲ್ಲ. ಮೈಸೂರಿನ ಸರ್ ಹೇಳಿದ ಪಟ್ಟದ ವಿಚಾರ ನನಗೆ ಬಹಳ ಇಷ್ಟವಾಯಿತು. ಅದನ್ನು ಶೀರ್ಷಿಕೆಗೆ ಹಾಕುವುದಿಲ್ಲ, ಪತಾಕೆಯ ಚಿತ್ರದ ಪಕ್ಕ ಎರಡು ಸಾಲಿನಲ್ಲಿ ಬರೆಸುತ್ತೇನೆ. ಕೊನೆಯ ಹಂತಕ್ಕೆ ‘ನಿವೃತ್ತಿ’ ಸಾಕು. ಕಾರವಾರದ ಕಡಲತೀರದಲ್ಲಿ ಚಪಲ್ ಅನ್ನುವ ನಿವೃತ್ತ ಯುದ್ಧನೌಕೆಯ ಮ್ಯೂಸಿಯಂ ನೋಡಿ ಬಂದ ಮಕ್ಕಳಿದ್ದಾರೆ, ಆ ಚಿತ್ರ ಅವರೇ ಬರೆಯುತ್ತಾರೆ.

‘ಪಡೆಗೂಡಿಕೆ’ ಹಾಕದ್ದಕ್ಕೆ ಧಾರವಾಡದ ಸರ್ ಬೇಜಾರು ಮಾಡಿಕೊಳ್ಳಬಾರದು.

ಧಾರವಾಡದಿಂದ:

ಬೇಜಾರಿದೆ. ‘ನೀರಿಗಿಳಿಸುವುದು’ ಉಳಿಯಿತಲ್ಲ, ಅಷ್ಟು ಸಾಕು.

ಕಾರವಾರದಿಂದ:

ಟೀಚರ್, ಪ್ರಿಂಟಿಗೆ ಕೊಡುವ ಮೊದಲು ಚಿತ್ರ ನೋಡಿಕೊಳ್ಳಿ. ನಿಶಾನೆ ಹಡಗಿನ ಹಿಂಬದಿಗೆ ಬರಬೇಕು, ಮೂತಿಗೆ ಅಲ್ಲ. ಪತಾಕೆ ಕೂವೆಕಂಬದ ತುದಿಗೆ. ನೀರಿಗಿಳಿಸುವ ಚಿತ್ರದಲ್ಲಿ ಪತಾಕೆ ಇರಲೇಬಾರದು, ಹೆಸರಿಗಿಂತ ಮೊದಲು ಐಎನ್‌ಎಸ್ ಕೂಡ ಬೇಡ. ಇಂಟರ್‌ನೆಟ್ಟಿನಲ್ಲಿ ಕೆಂಪು ಶಿಲುಬೆಯ ಹಳೆಯ ನಿಶಾನೆ ಜಾಸ್ತಿ ಸಿಗುತ್ತದೆ, ಅದನ್ನು ನಕಲು ಮಾಡಿಸಬೇಡಿ. ಈಗಿನ ವಿಕ್ರಾಂತ್ ಸೇವೆಗೆ ಬಂದ ದಿನವೇ ನಿಶಾನೆ ಬದಲಾಯಿತು. ಈಗಿನದು ಬಿಳಿ ಬಟ್ಟೆ, ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ತ್ರಿವರ್ಣ, ಇನ್ನೊಂದು ಕಡೆ ಚಿನ್ನದ ಅಂಚಿನ ನೀಲಿ ಎಂಟುಮೂಲೆ. ಅದರೊಳಗೆ ‘ಶಂ ನೋ ವರುಣಃ’.