‘ಗಡ್ಡೆ ಹೋದರೆ’ ಎಂದರೆ ಏನು ಹೋದರೆ?

ಗರ್ಭಕೋಶದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೊರಟ ಹೆಂಗಸರ ಕೈಗೆ ಕೊಡುವ ಸೂಚನೆಯ ಹಾಳೆಯೊಂದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿನ ಒಂದು ಪದದ ಮುಂದೆ ಹಲವು ದಿನಗಳಿಂದ ನಿಂತುಬಿಟ್ಟಿದ್ದೇನೆ. ‘ರಕ್ತ ಗಡ್ಡೆಗಡ್ಡೆಯಾಗಿ ಹೋದರೆ ಕೂಡಲೇ ಬನ್ನಿ’ ಎಂಬಲ್ಲಿರುವ ‘ಗಡ್ಡೆ’ ಸರಿಯೇ, ಅಲ್ಲವಾದರೆ ಯಾವ ಪದ ಇರಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಈ ಅನುಮಾನ ನಿಘಂಟು ತಿರುವುವಾಗ ಹುಟ್ಟಿದ್ದಲ್ಲ. ನನ್ನ ಚಿಕ್ಕಮ್ಮನಿಗೆ ಫೈಬ್ರಾಯ್ಡ್, ಅಂದರೆ ಗರ್ಭಕೋಶದಲ್ಲಿ ಬೆಳೆಯುವ ಗಂಟು, ಆಗಿ ಗರ್ಭಕೋಶ ತೆಗೆದಿದ್ದರು. ಅದಕ್ಕೂ ಮುಂಚಿನ ಎರಡು ವರ್ಷ ವೈದ್ಯರು, ಸ್ಕ್ಯಾನಿಂಗ್‌ನವರು, ಮನೆಯವರು ಎಲ್ಲರೂ ಅದನ್ನು ‘ಗಡ್ಡೆ’ ಎಂದೇ ಕರೆಯುತ್ತಿದ್ದರು. ಆಪರೇಷನ್ ಆದ ಒಂಬತ್ತನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ನೆಲ್ಲಿಕಾಯಿ ಗಾತ್ರದ ಎರಡು ಕಪ್ಪುಗೆಂಪು ಉಂಡೆಗಳು ಬಿದ್ದವು. ಆಸ್ಪತ್ರೆಯವರು ಕೊಟ್ಟಿದ್ದ ಹಾಳೆಯಲ್ಲಿ ‘ಗಡ್ಡೆಗಳು ಕಂಡುಬಂದಲ್ಲಿ ವೈದ್ಯರನ್ನು ಸಂಪರ್ಕಿಸತಕ್ಕದ್ದು’ ಎಂದು ಅಚ್ಚಾಗಿತ್ತು. ಚಿಕ್ಕಮ್ಮ ಅದನ್ನು ಓದಿ, ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿಕೊಂಡು, ಗಡ್ಡೆಯೇನೂ ಕೈಗೆ ಸಿಗದ್ದರಿಂದ ಸುಮ್ಮನಾಗಿದ್ದರು. ‘ಗಡ್ಡೆ ತೆಗೆದಾಗಿತ್ತಲ್ಲಮ್ಮ, ಒಳಗೆ ಉಳಿದಿದ್ದ ಕೆಟ್ಟ ರಕ್ತ ಹೋಗ್ತಿದೆ ಅಂದ್ಕೊಂಡೆ’ ಎಂದು ಅವರು ಆಮೇಲೆ ಹೇಳಿದರು. ಸಂಜೆ ಕಣ್ಣು ಕತ್ತಲಿಟ್ಟು ಕುಸಿದ ಮೇಲಷ್ಟೇ ನಾವು ಅವರನ್ನು ಕರೆದೊಯ್ದೆವು. ಒಳಹೊಲಿಗೆಯ ಜಾಗಕ್ಕೆ ಸೋಂಕು ತಗುಲಿತ್ತು. ರಕ್ತ ನಿಲ್ಲುವಂತೆ ಒಳಗೆ ಬಟ್ಟೆಯ ಪ್ಯಾಕ್ ಒತ್ತಿಟ್ಟು, ಎರಡು ಬಾಟಲಿ ರಕ್ತ ಏರಿಸಿ, ಆಂಟಿಬಯಾಟಿಕ್ ಕೊಟ್ಟು ಅವರನ್ನು ಉಳಿಸಿಕೊಂಡರು. ಓದು ಬಲ್ಲ ಹೆಂಗಸೊಬ್ಬಳು ಸೂಚನೆಯನ್ನು ಓದಿಯೂ ಇಡೀ ಹಗಲನ್ನು ಕಳೆದುಕೊಂಡದ್ದು ಒಂದು ಪದಕ್ಕೆ ಎರಡು ಅರ್ಥ ಇದ್ದುದರಿಂದ.

‘ಹೆಪ್ಪು’ ಎಂದು ಬರೆಯೋಣವೆಂದರೆ, ಮನೆಮಾತಿನಲ್ಲಿ ಹೆಪ್ಪು ಎನ್ನುವುದು ಹಾಲಿಗೆ ಹಾಕುವ ಒಂದು ಚಮಚ ಮೊಸರು. ‘ಹೆಪ್ಪುಗಟ್ಟು’ ಎಂಬ ಕ್ರಿಯಾಪದ ಎಲ್ಲರಿಗೂ ತಿಳಿಯುತ್ತದೆಯಾದರೂ, ಬಿದ್ದ ವಸ್ತುವನ್ನು ಎಣಿಸಿ ‘ಎರಡು ಹೆಪ್ಪು ಹೋಯಿತು’ ಎಂದು ಯಾರೂ ಹೇಳುವುದಿಲ್ಲ. ‘ಕರಣೆ’ ಎಂಬ ಹಳೆಯ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ, ‘ನೆತ್ತರು ಕರಣೆಗಟ್ಟಿತು’ ಎಂಬ ಬಳಕೆಯೂ ಉಂಟು. ಆದರೆ ಕರಣೆ ಎಂದೊಡನೆ ಗಾರೆಯವರ ಕೈಯಲ್ಲಿರುವ ಸಲಕರಣೆಯೇ ಹಲವರ ಕಣ್ಣ ಮುಂದೆ ಬರುತ್ತದೆ. ಹೀಗಾಗಿ ಸದ್ಯಕ್ಕೆ ನಾನು ‘ಹೆಪ್ಪುಗಟ್ಟಿದ ರಕ್ತದ ಉಂಡೆ’ ಎಂದು ಬಿಡಿಸಿ ಬರೆದಿದ್ದೇನೆ. ಹೊಟ್ಟೆಯೊಳಗೆ ಒಂದೆಡೆ ಸೇರಿಕೊಂಡ ರಕ್ತವನ್ನು ಕೆಲವರು ‘ರಕ್ತಗಡ್ಡೆ’ ಎನ್ನುವುದೂ ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ‘ಮಡುಗಟ್ಟಿದ ರಕ್ತ’ ಎಂಬ ಸಿದ್ಧವಾದ ಮಾತೇ ನಮ್ಮಲ್ಲಿದೆ.

ಇನ್ನು ಕಾಲವನ್ನು ಹೇಳುವ ಪದಗಳು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಆಗುವುದು, ಆಮೇಲಿನ 24 ಗಂಟೆಯೊಳಗೆ ಆಗುವುದು, ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ ಆಗುವುದು ಎಂದು ವೈದ್ಯರು ಮೂರು ಬಗೆಯ ರಕ್ತಸ್ರಾವವನ್ನು ಗುರುತಿಸುತ್ತಾರೆ. ಇವುಗಳಿಗೆ ‘ಪ್ರಾಥಮಿಕ, ಪ್ರತಿಕ್ರಿಯಾತ್ಮಕ, ದ್ವಿತೀಯಕ’ ಎಂದು ಬರೆದರೆ ಕಾರಣವೂ ತಿಳಿಯದು, ಕಾಲವೂ ತಿಳಿಯದು. ಎರಡನೆಯದರಲ್ಲಿ, ಅರಿವಳಿಕೆಯಲ್ಲಿ ತಗ್ಗಿದ್ದ ರಕ್ತದೊತ್ತಡ ಮರಳಿ ಏರುವಾಗ ಸುಮ್ಮನಿದ್ದ ನಾಳ ಬಾಯಿ ಬಿಡುತ್ತದೆ, ಇಲ್ಲವೇ ಕಟ್ಟಿದ್ದ ಗಂಟು ಜಾರುತ್ತದೆ. ಮೂರನೆಯದಕ್ಕೆ ಬಹುಮಟ್ಟಿಗೆ ಸೋಂಕು ಕಾರಣ. ‘ದ್ವಿತೀಯಕ’ ಎಂದರೆ ಎರಡನೆಯ ದರ್ಜೆಯದು, ಅಷ್ಟೇನೂ ಮುಖ್ಯವಲ್ಲದ್ದು ಎಂಬ ಛಾಯೆ ಬರುತ್ತದೆ. ಚಿಕ್ಕಮ್ಮನಿಗೆ ಆದದ್ದು ಈ ಮೂರನೆಯ ಬಗೆಯದೇ. ‘ಮೊದಲ ದಿನದ ಮರುಸ್ರಾವ’, ‘ತಡವಾದ ಮರುಸ್ರಾವ’ ಎಂದರೆ ಸಾಲದೇ?

ಹಾಳೆಯ ಮೇಲ್ಬರಹಕ್ಕೆ ನನಗೆ ಕೊಟ್ಟಿದ್ದ ಮಾತು ‘ರಕ್ತಸ್ರಾವದ ನಿರ್ವಹಣೆ’. ರಸ್ತೆಯನ್ನು, ಕೆರೆಯನ್ನು, ಸಂಸಾರವನ್ನು ನಾವು ನಿರ್ವಹಿಸುವುದು ಅದು ನಿಲ್ಲದೆ ನಡೆದುಕೊಂಡು ಹೋಗಲೆಂದು. ರಕ್ತ ಹೋಗುವುದಾದರೋ ನಿಲ್ಲಬೇಕು. ಸುಶ್ರುತಸಂಹಿತೆಯ ಸೂತ್ರಸ್ಥಾನ ಈ ವಿಷಯದಲ್ಲಿ ‘ನಿವಾರಣ’ ಎಂಬ ಪದವನ್ನೇ ಬಳಸಿ, ಸಂಧಾನ, ಸ್ಕಂದನ, ಪಾಚನ, ದಹನ ಎಂದು ನಾಲ್ಕು ದಾರಿಗಳನ್ನು ಹೇಳುತ್ತದೆ: ಒಗರು ದ್ರವ್ಯದಿಂದ ಗಾಯ ಕೂಡಿಸುವುದು, ತಂಪಿನಿಂದ ಹೆಪ್ಪುಗಟ್ಟಿಸುವುದು, ಬೂದಿಯಿಂದ ಪಕ್ವಗೊಳಿಸುವುದು, ಸುಟ್ಟು ನಾಳವನ್ನು ಕುಗ್ಗಿಸುವುದು. ಇಂದಿನ ಆಪರೇಷನ್ ಥಿಯೇಟರಿನಲ್ಲಿ ನಾಳವನ್ನು ಸುಟ್ಟು ರಕ್ತ ನಿಲ್ಲಿಸುವ ಕಾಟರಿಗೆ ‘ದಹನ’ ಎಷ್ಟು ಹತ್ತಿರದ ಪದ ಎಂಬುದು ನನಗೆ ಬೆರಗು ತಂದಿತು. ಮೇಲ್ಬರಹವನ್ನು ನಾನು ‘ರಕ್ತ ಹೋದರೆ ಏನು ಮಾಡಬೇಕು’ ಎಂದು ಬದಲಿಸಿದ್ದೇನೆ.

ರಕ್ತ ಹೋಗುವುದನ್ನು ತಡೆಯಲು ಕೊಡುವ ಔಷಧದ ವಿವರಣೆಯಲ್ಲೂ ಒಂದು ತಪ್ಪು ಬೇರೂರಿದೆ. ಜಪಾನಿನ ಒಕಾಮೊಟೊ ದಂಪತಿಗಳು 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಸಿಡ್ ‘ರಕ್ತ ಹೆಪ್ಪುಗಟ್ಟಿಸುವ ಮದ್ದು’ ಅಲ್ಲ, ಕಟ್ಟಿದ ಹೆಪ್ಪು ಬೇಗ ಕರಗಿಹೋಗದಂತೆ ಕಾಯುವ ಮದ್ದು.

‘ಅಧಿಕ ರಕ್ತಸ್ರಾವ’ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಕನ್ನಡದ ಕ್ರಿಯಾಪದಗಳೇ ಉತ್ತರ ಕೊಡುತ್ತವೆ. ಜಿನುಗುವುದು, ಒಸರುವುದು, ಸೋರುವುದು, ಹರಿಯುವುದು, ಸುರಿಯುವುದು, ಚಿಮ್ಮುವುದು ಎಂಬ ಏರಿಕೆಯನ್ನು ಯಾವ ಅಜ್ಜಿಯೂ ತಪ್ಪಿಲ್ಲದೆ ಹೇಳಬಲ್ಲಳು. ಶಸ್ತ್ರವೈದ್ಯರ ಕಣ್ಣಿಗೂ ಸೂಕ್ಷ್ಮನಾಳದ ರಕ್ತ ಒಸರುತ್ತದೆ, ಅಭಿಧಮನಿಯದು ಹರಿಯುತ್ತದೆ, ಅಪಧಮನಿಯದು ಚಿಮ್ಮುತ್ತದೆ. ಇಷ್ಟು ಸ್ಪಷ್ಟವಾದ ಪದಗಳಿರುವಾಗ ಎಲ್ಲವನ್ನೂ ಒಂದೇ ‘ಸ್ರಾವ’ದೊಳಗೆ ತುಂಬುವುದು ನಷ್ಟ.

ಹಾಳೆಯ ಮುಖ್ಯ ಭಾಗವನ್ನು ಈಗ ಹೀಗೆ ಬರೆದಿದ್ದೇನೆ: ‘ಕೆಲವು ವಾರ ಸ್ವಲ್ಪ ಸ್ವಲ್ಪ ಕಲೆಯಾಗುವುದು ಸಹಜ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಅಥವಾ ಬಟ್ಟೆ ತೊಯ್ದು ತೊಪ್ಪೆಯಾದರೆ, ಹೆಪ್ಪುಗಟ್ಟಿದ ರಕ್ತ ಉಂಡೆಯಾಗಿ ಬಿದ್ದರೆ, ಕೆಟ್ಟ ವಾಸನೆಯ ಸ್ರಾವ ಅಥವಾ ಜ್ವರ ಇದ್ದರೆ, ಹಗಲಾಗಲಿ ರಾತ್ರಿಯಾಗಲಿ ಆಸ್ಪತ್ರೆಗೆ ಬನ್ನಿ. ಹೊರಗೆ ರಕ್ತ ಕಾಣದಿದ್ದರೂ ತಲೆ ಸುತ್ತಿ, ಎದೆ ಡವಗುಟ್ಟಿ, ಹೊಟ್ಟೆ ಉಬ್ಬಿದರೆ ಕಾಯಬೇಡಿ.’ ಇಲ್ಲಿ ‘ಉಂಡೆ’ಯ ಬದಲು ನಿಮ್ಮ ಕಡೆಯ ಹೆಂಗಸರು ಏನೆನ್ನುತ್ತಾರೆ? ಮಲೆನಾಡು, ಕರಾವಳಿ, ಕಲ್ಯಾಣ ಕರ್ನಾಟಕದವರು ತಮ್ಮ ಮನೆಯ ಹಿರಿಯರನ್ನು ಕೇಳಿ, ಅವರಾಡಿದ ಮಾತನ್ನು ಹಾಗೆಯೇ ಬರೆದು ತಿಳಿಸಿದರೆ ಅಚ್ಚಿಗೆ ಹೋಗುವ ಮುನ್ನ ತಿದ್ದಿಕೊಳ್ಳುತ್ತೇನೆ.