ಮಂಡಿ ನೋವಿಗೆ ಭಾರ ಹಾಕಿ ವ್ಯಾಯಾಮ: ಅಮ್ಮನಿಗೆ ಮಾಡಿಸಬಹುದಾ?

ಪೆರ್ಲದವ:
ಅಮ್ಮನಿಗೆ 62. ಎರಡೂ ಮೊಣಕಾಲು ನೋವು, ಎಕ್ಸ್‌ರೇಯಲ್ಲಿ ಸವೆತ ಅಂತ ಬಂದಿದೆ. ಮೆಟ್ಟುಕತ್ತಿಯಲ್ಲಿ ಕೂತು ಅಡಿಕೆ ಸುಲಿದು ಏಳುವಾಗ ಎರಡೂ ಕೈ ಊರಬೇಕು, ಎದ್ದ ಮೇಲೂ ನಾಲ್ಕು ಹೆಜ್ಜೆ ಕುಂಟಿಕೊಂಡೇ ಹೋಗುತ್ತಾರೆ. ಡಾಕ್ಟರು ತೊಡೆಗೆ ಬಲ ಬರುವ ವ್ಯಾಯಾಮ ಮಾಡಿಸಿ ಅಂದರು. ಮಂಗಳೂರಲ್ಲಿ ಜಿಮ್‌ಗೆ ಹೋಗುವ ತಮ್ಮ, ಜಾಸ್ತಿ ಭಾರ ಹಾಕಿದರೆ ಮಾತ್ರ ಗುಣ ಅನ್ನುತ್ತಾನೆ. ನೆರೆಕರೆಯವರು, ಸವೆದದ್ದನ್ನು ಇನ್ನೂ ಸವೆಸಬೇಡಿ, ಸುಮ್ನೆ ಕೂರಿಸಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಕುಂಬಳೆ ಫಿಸಿಯೋ:
ಸುಮ್ನೆ ಕೂರಿಸುವುದು ಮಾತ್ರ ಬೇಡ. ಕೂತಷ್ಟೂ ತೊಡೆ ಸೊರಗುತ್ತದೆ, ಆಮೇಲೆ ಏಳುವುದೇ ಕಷ್ಟ. ಭಾರದ ವಿಷಯಕ್ಕೆ ಬಂದರೆ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆ 2021ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಂಡಿ ಸವೆತ ಇದ್ದ 377 ಜನ. ಒಂದು ಗುಂಪಿಗೆ ಜಾಸ್ತಿ ಭಾರ, ಇನ್ನೊಂದಕ್ಕೆ ಕಡಿಮೆ ಭಾರ, ಮೂರನೆಯದಕ್ಕೆ ಬರೀ ಆರೋಗ್ಯ ಮಾಹಿತಿ. 18 ತಿಂಗಳಾದ ಮೇಲೆ ನೋಡಿದರೆ, ಜಾಸ್ತಿ ಭಾರ ಎತ್ತಿದವರಿಗೆ ಉಳಿದ ಎರಡು ಗುಂಪಿಗಿಂತ ನೋವೇನೂ ಕಡಿಮೆಯಾಗಿರಲಿಲ್ಲ. ತಮ್ಮನಿಗೆ ಇದನ್ನು ಹೇಳಿ.

ಪೆರ್ಲದವ:
ಹಾಗಾದರೆ ವ್ಯಾಯಾಮವೇ ದಂಡ ಅಂತಾಯ್ತಲ್ವಾ? ಇಂಜೆಕ್ಷನ್ ಹಾಕಿಸುವುದೇ ಒಳ್ಳೆಯದಾ?

ಕುಂಬಳೆ ಫಿಸಿಯೋ:
ಇಲ್ಲ, ಒಂದೇ ಪರೀಕ್ಷೆ ನೋಡಿ ಹಾಗೆ ಹೇಳಬೇಡಿ. ಹತ್ತಾರು ಪರೀಕ್ಷೆಗಳನ್ನು ಒಟ್ಟಿಗೆ ನೋಡಿದರೆ ವ್ಯಾಯಾಮದಿಂದ ನೋವು ಸ್ವಲ್ಪ ಇಳಿಯುತ್ತದೆ, ಓಡಾಟ ಸಲೀಸಾಗುತ್ತದೆ. ಪವಾಡ ಏನೂ ಆಗುವುದಿಲ್ಲ. 2020ರಲ್ಲಿ 156 ಜನರಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಯನ್ನು ಹೋಲಿಸಿದ್ದರು, ವರ್ಷದ ಕೊನೆಗೆ ಫಿಸಿಯೋಥೆರಪಿ ಮಾಡಿದವರಿಗೇ ನೋವು ಕಡಿಮೆ ಇತ್ತು.

ಅಮ್ಮನಿಗೆ ಹೀಗೆ ಶುರು ಮಾಡಿಸಿ. ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಕೈ ಊರದೆ ಮೆಲ್ಲ ಏಳಬೇಕು, ಕೂರುವಾಗ ದೊಪ್ಪ ಅಂತ ಬೀಳದೆ ಅಷ್ಟೇ ನಿಧಾನ ಇಳಿಯಬೇಕು, ಆ ಇಳಿಯುವುದರಲ್ಲೂ ಬಲ ಬರುತ್ತದೆ. ಆಗದಿದ್ದರೆ ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿ. ಸಲೀಸಾದ ಮೇಲೆ ಅಂಗಳದಿಂದ ಜಗಲಿಗೆ ಹತ್ತುವ ಮೆಟ್ಟಿಲಲ್ಲಿ ಒಂದೊಂದೇ ಕಾಲು ಹತ್ತಿ ಇಳಿಯಲಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆಯೂ ಜಾಸ್ತಿಯೇ ಇದ್ದರೆ ಕಡಿಮೆ ಮಾಡಿಸಿ. ಗಂಟು ಬಿಸಿಯಾಗಿ ಊದಿದರೆ, ಜ್ವರ ಬಂದರೆ, ಕಾಲು ಮಡಚಿದಲ್ಲೇ ಸಿಕ್ಕಿಕೊಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಬದಿಯಡ್ಕದ ಕೃಷಿಕ:
ಫಿಸಿಯೋ ಹೇಳಿದ್ದು ಸರಿ. ಜೊತೆಗೆ ಇನ್ನೊಂದು ಕೆಲಸ ಮಾಡಿ ಅಣ್ಣ, ಆ ಮೆಟ್ಟುಕತ್ತಿಯ ಕೂರುವ ಜಾಗ ಎತ್ತರಿಸಿ. ನಮ್ಮ ಅತ್ತೆಗೆ ಆಚಾರಿಯವರ ಹತ್ತಿರ ಹೇಳಿ ಬೆಂಚಿನಷ್ಟು ಎತ್ತರ ಮಾಡಿಸಿ ಕೊಟ್ಟೆವು. ಸುಲಿಯುವುದನ್ನು ನಿಲ್ಲಿಸಿ ಅಂದರೆ ಅವರು ಕೇಳುವುದಿಲ್ಲ, ಅಲ್ವಾ?