‘ತೊಟ್ಟಿಲಿಂದ ಚಟ್ಟದವರೆಗೆ’ ಅಂತ ಕರಪತ್ರದಲ್ಲಿ ಹಾಕಬಹುದಾ?

ಕಾಳಿದಂಡೆ, ಕಾರವಾರ:
ನಮ್ಮ ಮೀನುಗಾರರ ಸಂಘದಲ್ಲಿ ಸದಸ್ಯರಿಗೆ ಹೊಸ ನೆರವು ಶುರು ಮಾಡುತ್ತಿದ್ದೇವೆ. ಹೆರಿಗೆಗೆ ಒಂದಿಷ್ಟು, ಮಕ್ಕಳ ಓದಿಗೆ ಒಂದಿಷ್ಟು, ಆಸ್ಪತ್ರೆಗೆ, ಕಡೆಗೆ ಮಣ್ಣಿನ ಖರ್ಚಿಗೂ. ಕರಪತ್ರಕ್ಕೆ ನಾನು ‘ತೊಟ್ಟಿಲಿಂದ ಚಟ್ಟದವರೆಗೆ ನಿಮ್ಮ ಜೊತೆ’ ಅಂತ ತಲೆಬರಹ ಕೊಟ್ಟೆ. ಹಿರಿಯರೊಬ್ಬರು ಓದಿ ಕಾಗದ ಮಡಚಿಟ್ಟರು. ‘ದೋಣಿ ಹತ್ತುವವರ ಕೈಗೆ ಇದನ್ನು ಕೊಡ್ತೀಯಾ?’ ಅಂದರು. ನನ್ನ ಮನೆಮಾತು ಕೊಂಕಣಿ. ಅರ್ಥ ಗೊತ್ತು, ಆದರೆ ಎಲ್ಲಿ ಬಳಸಬೇಕು, ಎಲ್ಲಿ ಬಾರದು ಅನ್ನೋದು ತಿಳೀತಿಲ್ಲ.

ತೋಟದಮನೆ, ಶಿರಸಿ:
ಹಿರಿಯರು ಹೇಳಿದ್ದು ಸರಿ. ಹುಟ್ಟಿದಾಗಿಂದ ಸಾಯುವತನಕ, ನಡುವೆ ಎಲ್ಲೂ ಕೈಬಿಡದೆ ಅಂತ ಅರ್ಥ. ಆದರೆ ಎರಡು ಉದ್ದ ಬಿದಿರು ಇಟ್ಟು, ಅಡ್ಡಕ್ಕೆ ಸೀಳು ಹಾಕಿ, ಹಗ್ಗ ಬಿಗಿದು ಅಂಗಳದಲ್ಲಿ ಚಟ್ಟ ಕಟ್ಟುವುದನ್ನು ಒಮ್ಮೆ ನೋಡಿದವರಿಗೆ ಆ ಪದ ಕೇಳಿದ ಕೂಡಲೇ ಅದೇ ಕಣ್ಣಿಗೆ ಬರುತ್ತದೆ. ‘ನಿನ್ನ ಚಟ್ಟ ಕಟ್ಟ’ ಅಂತ ಬೈಗುಳವೂ ಇದೆ ಅಲ್ವಾ. ‘ತೊಟ್ಟಿಲಿಂದ ಚಟ್ಟದವರೆಗೆ ಎಲ್ಲದಕ್ಕೂ ಸರ್ಟಿಫಿಕೇಟ್ ಬೇಕು’ ಅಂದರೆ ಯಾರಿಗೂ ಬೇಜಾರಿಲ್ಲ. ಅದು ನಿಜವೂ ಹೌದು, 1969ರ ಕಾಯ್ದೆಯಂತೆ ಜನನ, ಮರಣ ಎರಡನ್ನೂ 21 ದಿನದೊಳಗೆ ತಿಳಿಸಬೇಕು. ಅಲ್ಲಿ ಮಾತು ಲೋಕದ ಬಗ್ಗೆ. ‘ನಿಮ್ಮ’ ಅಂತ ಸೇರಿಸಿದಿರೋ, ಎದುರಿಗೆ ನಿಂತವರ ಚಟ್ಟವೇ ಆಗುತ್ತದೆ.

ಶರಾವತಿ, ಹೊನ್ನಾವರ:
ಚಟ್ಟ ಎಲ್ಲರಿಗೂ ಇಲ್ಲ, ಹೂಳುವವರೂ ನಿಮ್ಮ ಸಂಘದಲ್ಲಿ ಇರುತ್ತಾರೆ. ಇಂಗ್ಲಿಷಿನಲ್ಲಿ ಇದೇ ಮಾತು ತೊಟ್ಟಿಲಿಂದ ಗೋರಿಯವರೆಗೆ ಅಂತ ಇದೆ. 1942ರಲ್ಲಿ ಬ್ರಿಟನ್ನಿನಲ್ಲಿ ಸಾಮಾಜಿಕ ವಿಮೆ ಬಗ್ಗೆ ಬೆವರಿಜ್ ವರದಿ ಬಂತು, ಮರುವರ್ಷ ಅಲ್ಲಿನ ಪ್ರಧಾನಿ ಚರ್ಚಿಲ್ ರೇಡಿಯೋ ಭಾಷಣದಲ್ಲಿ ಎಲ್ಲ ವರ್ಗದವರಿಗೂ ವಿಮೆ ಬೇಕು ಅನ್ನುವಾಗ ಈ ಮಾತು ಬಳಸಿದರು. ಪದಕ್ಕಿಂತ ನನಗೆ ಭಯ ಇರುವುದು ಅದು ಕೊಡುವ ಭರವಸೆ ಬಗ್ಗೆ. ನಮ್ಮಪ್ಪ ಒಂದು ಕಡೆ ‘ಜೀವನಪೂರ್ತಿ’ ಅಂತ ನಂಬಿ ವರ್ಷಗಟ್ಟಲೆ ಕಂತು ಕಟ್ಟಿದರು. 65 ದಾಟಿದ ಮೇಲೆ ಪಾಸ್‌ಬುಕ್ ಹಿಡಿದು ಹೋದರೆ ಅವಧಿ ಮುಗಿದಿದೆ ಅಂದರು. ನಿಮ್ಮ ನೆರವು ಯಾವುದಾದರೂ ವಯಸ್ಸಿಗೆ ನಿಲ್ಲುತ್ತದಾ? ನಿಲ್ಲುವುದಾದರೆ ದಯವಿಟ್ಟು ಹೀಗೆ ಬರೆಯಬೇಡಿ.

ಕಾಳಿದಂಡೆ, ಕಾರವಾರ:
ಈಗ ನಿಯಮ ತೆಗೆದು ನೋಡಿದೆ. ಆಸ್ಪತ್ರೆ ನೆರವು 60ಕ್ಕೇ ನಿಲ್ಲುತ್ತದೆ, ಜಾಸ್ತಿ ಬೇಕಾಗುವುದೇ ಆಮೇಲೆ. ತಲೆಬರಹ ಆಮೇಲೆ ನೋಡೋಣ. ಭಾನುವಾರದ ಸಭೆಯಲ್ಲಿ ಮೊದಲು ಇದನ್ನೇ ಕೇಳುತ್ತೇನೆ.